ತಂಡದ ನಾಯಕರು ಆದೇಶ ಕೊಡುವುದಕ್ಕಿಂತ ಹೆಚ್ಚಾಗಿ ಗಮನಿಸಬೇಕು, ಕೇಳಬೇಕು ಎನ್ನುವುದೇಕೆ?

ಕೆಲಸದ ನಿಜಸ್ಥಿತಿ ಗೊತ್ತಿರುವುದು ಅದನ್ನು ಕೈಯಾರೆ ಮಾಡುವವರಿಗೆ. ಭಯವಿರುವಲ್ಲಿ ಆ ತಿಳಿವಳಿಕೆ, ಅದರಲ್ಲೂ ಕೆಟ್ಟ ಸುದ್ದಿ, ಮೇಲಿನವರನ್ನು ತಲುಪುವುದೇ ಇಲ್ಲ. ಆದ್ದರಿಂದ ನಾಯಕರು ಕೆಲಸ ನಡೆಯುವ ಜಾಗಕ್ಕೇ ಹೋಗಿ ನೋಡಬೇಕು, ಉತ್ತರವನ್ನು ಮೊದಲೇ ನಿರ್ಧರಿಸಿಕೊಳ್ಳದೆ ಕೇಳಬೇಕು. ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ಶುಶ್ರೂಷಾ ತಂಡಗಳನ್ನು ಅಧ್ಯಯನ ಮಾಡಿದಾಗ, ಉತ್ತಮ ನಾಯಕತ್ವವಿದ್ದ ತಂಡಗಳಲ್ಲೇ ಔಷಧ ನೀಡಿಕೆಯ ತಪ್ಪುಗಳು ಹೆಚ್ಚಾಗಿ ದಾಖಲಾಗಿದ್ದುದು ಕಂಡುಬಂತು. ಅಲ್ಲಿನವರು ತಪ್ಪನ್ನು ಹೇಳಿಕೊಳ್ಳಲು ಹೆದರುತ್ತಿರಲಿಲ್ಲ ಎಂಬುದೇ ಅದಕ್ಕೆ ಕಾರಣವೆಂದು ಅವರು ವಿವರಿಸಿದರು. ವಿನಯ ಬೇಕಾಗುವುದು ಇಲ್ಲಿಯೇ: ‘ಇದು ನನಗೆ ತಿಳಿದಿಲ್ಲ, ನೀವು ಹೇಳಿ’ ಎನ್ನಬಲ್ಲ ನಾಯಕರ ಮುಂದೆ ಜನ ಮನಬಿಚ್ಚಿ ಮಾತನಾಡುತ್ತಾರೆ. ಆದರೆ ಕೇಳಿದ ಮೇಲೂ ಏನೂ ಬದಲಾಗದಿದ್ದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಒಳ್ಳೆಯ ಮನಸ್ಸಿನ ನಾಯಕರೂ ಎಡವುವುದು ಈ ಹಂತದಲ್ಲೇ.