ಚಳಿಗಾಲದಲ್ಲಿ ನನ್ನ ವೀನಸ್ ಫ್ಲೈಟ್ರ್ಯಾಪ್ ಕಪ್ಪಾಗುತ್ತಿದೆ, ಸಾಯುತ್ತಿದೆಯಾ?

ಹುಳ ಹಿಡಿದು ತಿನ್ನುವ ಈ ಗಿಡದ ಎಲೆಗಳು ಒಂದೊಂದಾಗಿ ಕಪ್ಪಾಗುತ್ತಿವೆ, ಮುಟ್ಟಿದರೂ ಬಾಯಿ (ಹುಳ ಹಿಡಿಯುವ ಎಲೆಯ ತುದಿ) ಸರಿಯಾಗಿ ಮುಚ್ಚುತ್ತಿಲ್ಲ, ಒಳಗೆ ಬೆಚ್ಚಗಿಟ್ಟು ನೊಣ ತಿನ್ನಿಸಲಾ ಎಂದು ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ. ನಿಮ್ಮ ಗಿಡ ಬಹುಶಃ ಸಾಯುತ್ತಿಲ್ಲ, ನಿದ್ದೆಗೆ ಜಾರುತ್ತಿದೆ.

ನನ್ನ ಮೊದಲ ಗಿಡಕ್ಕೆ ನಾನು ಮಾಡಿದ್ದೂ ಇದನ್ನೇ. ಗಾಬರಿಯಾಗಿ ಬೆಚ್ಚಗಿನ ಕೋಣೆಗೆ ತಂದೆ, ಬಾಯಿಗೆ ನೊಣ ಇಟ್ಟೆ. ಅದು ಅರಗಲಿಲ್ಲ, ಅಲ್ಲೇ ಕೊಳೆಯಿತು. ಬೂಷ್ಟು ಬುಡದವರೆಗೂ ಇಳಿಯಿತು. ಗಿಡ ಉಳಿಯಲಿಲ್ಲ. ಈಗಲೂ ನೆನೆದರೆ ಬೇಜಾರಾಗುತ್ತೆ.

ಇದರ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಕರಾವಳಿ ಬಯಲು. ಅಲ್ಲಿ ಚಳಿಗಾಲ ನಿಜವಾಗಿಯೂ ಚಳಿಯೇ, ಕೆಲವು ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಹಗಲು ಕಿರಿದಾಗುತ್ತಿದ್ದಂತೆ ಗಿಡ ದೊಡ್ಡ ಎಲೆಗಳನ್ನು ಕೈಬಿಟ್ಟು ಮಣ್ಣೊಳಗಿನ ಗೆಡ್ಡೆಯನ್ನು ಕಾಪಾಡಿಕೊಳ್ಳುತ್ತದೆ. 3–4 ತಿಂಗಳ ಈ ವಿಶ್ರಾಂತಿ ಅದಕ್ಕೆ ಬೇಕೇ ಬೇಕು. ವರ್ಷ ವರ್ಷ ತಪ್ಪಿಸಿದರೆ ಸೊರಗಿ ಹೋಗುತ್ತದೆ.

ಹಾಗಾಗಿ ಎಲೆ ನೋಡಿ ಹೆದರಬೇಡಿ, ಗೆಡ್ಡೆ ನೋಡಿ. ಬುಡದ ಮಣ್ಣನ್ನು ಸ್ವಲ್ಪ ಸರಿಸಿ. ಬೆಳ್ಳಗೆ, ಗಟ್ಟಿಯಾಗಿದ್ದರೆ ಜೀವವಿದೆ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಕೊಳೆತಿದೆ ಅಂತ ಅರ್ಥ. ಪೂರ್ತಿ ಕಪ್ಪಾದ ಎಲೆ ಮಾತ್ರ ಕತ್ತರಿಸಿ, ಬೂಷ್ಟು ಹಿಡಿಯುವುದು ಅಲ್ಲೇ. ಅರೆ ಹಸಿರು ಎಲೆ ಇರಲಿ.

0ಯಿಂದ 10 ಡಿಗ್ರಿ ಸೆಲ್ಸಿಯಸ್ ಇರುವ, ಬೆಳಕು ಬೀಳುವ ಜಾಗ ಒಳ್ಳೆಯದು. ಹೀಟರ್ ಇಲ್ಲದ ಕೋಣೆಯ ಕಿಟಕಿ ಸಾಕು. ಒಂದೆರಡು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದರೆ ತಡೆದುಕೊಳ್ಳುತ್ತದೆ. ಆದರೆ ಚಿಕ್ಕ ಕುಂಡ ದಿನಗಟ್ಟಲೆ ಗಟ್ಟಿ ಮಂಜುಗಡ್ಡೆಯಾದರೆ, ಜೊತೆಗೆ ಒಣಗಾಳಿಯೂ ಬೀಸಿದರೆ ಕಷ್ಟ.

ನೀರಿನ ವಿಷಯದಲ್ಲೇ ಜಾಸ್ತಿ ಜನ ಎಡವುವುದು. ಬೇಸಿಗೆಯಲ್ಲಿ ತಟ್ಟೆಯಲ್ಲಿ ನೀರು ನಿಲ್ಲಿಸಿ ಇಡುತ್ತೇವೆ ಅಲ್ವಾ, ಈಗ ಅದು ಬೇಡ. ಮಣ್ಣು ಮುಟ್ಟಿದರೆ ತೇವ ಅನಿಸಬೇಕು ಅಷ್ಟೇ, ಒಣಗಲು ಮಾತ್ರ ಬಿಡಬೇಡಿ. ಮಳೆನೀರು, ಡಿಸ್ಟಿಲ್ಡ್ ನೀರು ಅಥವಾ ಆರ್‌ಒ ನೀರನ್ನೇ ಹಾಕಿ. ನಲ್ಲಿ ನೀರಿನ ಲವಣ ಮಣ್ಣಿನಲ್ಲಿ ಸೇರಿಕೊಂಡು ಬೇರನ್ನು ಸುಡುತ್ತದೆ. ಗೊಬ್ಬರವೂ ಬೇಡ. ಸುಮ್ನೆ ಬಾಯಿ ಮುಟ್ಟಿ ಪರೀಕ್ಷೆ ಮಾಡುವುದೂ ಬೇಡ, ಮುಚ್ಚಿದಾಗೆಲ್ಲ ಗಿಡದ ಶಕ್ತಿ ಖರ್ಚಾಗುತ್ತದೆ.

ನಿಮ್ಮಲ್ಲಿ ಅಷ್ಟು ಚಳಿಯೇ ಬೀಳದಿದ್ದರೆ ಫ್ರಿಜ್ ಇದೆ. ಗಿಡವನ್ನು ಕುಂಡದಿಂದ ತೆಗೆದು, ಬೇರು ತೊಳೆದು, ಸತ್ತ ಎಲೆ ಕತ್ತರಿಸಿ. ಹಿಂಡಿದ ಒದ್ದೆ ಸ್ಫ್ಯಾಗ್ನಂ ಪಾಚಿಯಲ್ಲಿ ಗೆಡ್ಡೆ ಸುತ್ತಿ ಜಿಪ್ ಚೀಲದಲ್ಲಿಡಿ. ಫ್ರೀಜರ್ ಅಲ್ಲ, ಕೆಳಗಿನ ಭಾಗ. ನಿದ್ದೆಯಲ್ಲಿರುವಾಗ ಅಲ್ಲಿನ ಕತ್ತಲೆ ಅದಕ್ಕೆ ತೊಂದರೆಯಿಲ್ಲ. ವಾರಕ್ಕೊಮ್ಮೆ ತೆರೆದು ಬೂಷ್ಟು ಬಂದಿದೆಯಾ ನೋಡಿ.

ಹಗಲು ಮತ್ತೆ ಉದ್ದವಾಗುವಾಗ, ಹೊಸ ಚಿಗುರಿಗೆ ಮುಂಚೆ ಕುಂಡ ಬದಲಿಸಿ. ಗೊಬ್ಬರ ಬೆರೆಸದ ಪೀಟ್ (ಜೌಗು ನೆಲದ ಕೊಳೆತ ಪಾಚಿಯ ಮಣ್ಣು) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸಾಕು. ಬಿಸಿಲಿಗೆ ನಿಧಾನವಾಗಿ ಒಗ್ಗಿಸಿ. ಹೂದಂಟು ಎದ್ದರೆ, ಈ ಸಲ ಗಿಡ ಸೊರಗಿದೆ ಅನಿಸಿದರೆ, ಎಳೆಯದಿರುವಾಗಲೇ ಕತ್ತರಿಸಿಬಿಡಿ.