ಕ್ರಿಸ್ಮಸ್‌ಗೆ ಊರು ಮುಟ್ಟೋದು ಹೇಗೆ?

ಪ್ರಶ್ನೆ: ನನ್ನ ಊರು ಬಂಟ್ವಾಳ, ಕೆಲಸ ಬೆಂಗಳೂರಿನಲ್ಲಿ. ಕಳೆದ ಡಿಸೆಂಬರ್ 24ರಂದು ಬೆಳಗ್ಗೆ ಬಸ್ ಹತ್ತಿದೆ. ಶಿರಾಡಿ ಘಾಟಿಯಲ್ಲಿ ಲಾರಿ ಕೆಟ್ಟು ರಸ್ತೆ ಬಂದ್ ಆಗಿ, ಮನೆ ಮುಟ್ಟುವಾಗ ಚರ್ಚಿನ ರಾತ್ರಿಯ ಬಲಿಪೂಜೆ ಮುಗಿದಿತ್ತು. ಅಮ್ಮ ತುಂಬಾ ನೊಂದುಕೊಂಡರು. ಈ ಸಲ ರೈಲು ಹಿಡಿಯಲಾ?

ಉತ್ತರ: ಹಿಡಿಯಿರಿ, ಆದರೆ 24ಕ್ಕೆ ಬೇಡ. ಒಂದು ದಿನದ ರಜೆ ಜಾಸ್ತಿ ಕೇಳಿ, 23ರ ರಾತ್ರಿಯೇ ಹೊರಡಿ. ಕ್ರಿಸ್ಮಸ್ ತಿಂಡಿ ಕುಸ್ವಾರ್ ಕರಿದು ಬಾಗಿಲು ನೋಡುತ್ತಾ ಕೂತಿರೋ ಅಮ್ಮನಿಗಾಗಿ ಅಷ್ಟು ಕೇಳಬಹುದು ಅಲ್ವಾ?

ರೈಲಿನ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ, ಅಂದರೆ 23ರ ಪ್ರಯಾಣಕ್ಕೆ ಅಕ್ಟೋಬರ್ 24ರಂದೇ ಕೂರಬೇಕು. ಅದು ತಪ್ಪಿದರೆ ಹಿಂದಿನ ದಿನದ ತತ್ಕಾಲ್ ಇದೆ, ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ. ಆನ್‌ಲೈನ್ ಟಿಕೆಟ್ ಚಾರ್ಟ್ (ಸೀಟು ಹಂಚಿಕೆಯ ಪಟ್ಟಿ) ಆದ ಮೇಲೂ ಪೂರ್ತಿ ವೇಟಿಂಗ್‌ನಲ್ಲೇ ಉಳಿದರೆ ತಾನಾಗಿಯೇ ರದ್ದಾಗುತ್ತದೆ, ವೇಟಿಂಗ್ ಟಿಕೆಟ್ಟನ್ನೇ ನಂಬಿ ಸುಮ್ನೆ ಕೂರಬೇಡಿ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ, ಅಲ್ಲಿ ರೈಲು ತೆವಳುತ್ತಾ ಇಳಿಯುತ್ತದೆ. ನಿಧಾನವೇ, ಆದರೆ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಳ್ಳೋ ಕಾಟ ಇಲ್ಲ.

ಸೀಟೇ ಸಿಗದಿದ್ದರೆ? ಹಬ್ಬಕ್ಕೆ ಹೆಚ್ಚುವರಿ ಸರ್ಕಾರಿ ಬಸ್ ಬಿಡುತ್ತಾರೆ, ಪ್ರಕಟಣೆ ಬಂದ ದಿನವೇ ಬುಕ್ ಮಾಡಿ. ಕೊನೆ ಗಳಿಗೆಯಲ್ಲಿ ಖಾಸಗಿ ಬಸ್ಸಿಗೆ ದುಪ್ಪಟ್ಟು ದುಡ್ಡು ಸುರಿಯಬೇಡಿ. ಇನ್ನೊಂದು ದಾರಿ, ಮಡಿಕೇರಿಗೆ ಹೋಗಿ ಸಂಪಾಜೆ ಘಾಟಿ ಇಳಿದು ಸುಳ್ಯ, ಪುತ್ತೂರು ಮೇಲೆ ಬರೋದು. ಸುತ್ತು ಹೌದು, ಆದರೆ ಶಿರಾಡಿ ಮುಚ್ಚಿದ ದಿನ ಇದೇ ಆಸರೆ.