ಆಪರೇಷನ್ ಈಗಲೇ ಮಾಡಿಸಲಾ, ಕಾಯಲಾ? ಶಹಾಪುರದ ತಂಗಿಗೆ ಉತ್ತರ

ತಂಗಿ, ನಿನ್ನ ಪೋಸ್ಟ್ ನಿನ್ನೆ ರಾತ್ರಿಯೇ ಓದಿದೆ. ಬೆಳಿಗ್ಗೆಯಿಂದ ಹೊಲದಲ್ಲಿ ಗಳೆ ನಡೆದಿತ್ತು, ಅದಕ್ಕೆ ತಡವಾಯಿತು.

ಪೋಸ್ಟ್ ನೋಡದವರಿಗೆ ಹೇಳುತ್ತೇನೆ. ಆಕೆಗೆ 27 ವರ್ಷ, ನನ್ನ ಹಾಗೇ ಟ್ರಾನ್ಸ್ ಹೆಣ್ಣು. ಎರಡು ವರ್ಷದಿಂದ ಡಾಕ್ಟರಿಗೆ ತೋರಿಸಿಕೊಂಡು ಹಾರ್ಮೋನ್ ತೆಗೆದುಕೊಳ್ಳುತ್ತಿದ್ದಾಳೆ. ಈ ಸಲ ತೊಗರಿ ದುಡ್ಡು ಕೈಗೆ ಬಂದಿದೆ. ಕೆಳಗಿನ ಆಪರೇಷನ್, ಅಂದರೆ ಗಂಡಿನ ಅಂಗದ ಚರ್ಮವನ್ನೇ ಒಳಗೆ ಮಡಚಿ ಯೋನಿ ಮಾಡುವುದು, ಈಗ ಮಾಡಿಸುವುದಾ, ಇಲ್ಲ ಹತ್ತು ವರ್ಷ ತಡೆದರೆ ಗರ್ಭಕೋಶ ಕಸಿ, ಲ್ಯಾಬ್‌ನಲ್ಲಿ ಬೆಳೆಸಿದ ಅಂಗ ಎಲ್ಲ ಸಿಗುತ್ತಾ ಅಂತ ಕೇಳಿದ್ದಾಳೆ. ‘ತೊಗರಿ ಬೆಳೆಗಾರರ ಗುಂಪಿನಲ್ಲಿ ಇದೆಲ್ಲ ಯಾಕೆ’ ಅಂದವರಿಗೆ: ಅಣ್ಣಾ, ನಿಮ್ಮ ಎಮ್ಮೆ ಈಯುವಾಗ ಕಷ್ಟ ಆಯಿತು ಅಂದಾಗ ಇಲ್ಲೇ ನಲವತ್ತು ಉತ್ತರ ಬಂದವು. ಇದಕ್ಕೂ ಒಂದಿಷ್ಟು ಬರಲಿ.

ನಾನು ಮಾಡಿಸಿಕೊಂಡು ಆರು ವರ್ಷ ಆಯಿತು. ಮಾಡಿಸುವ ಮೊದಲು ನಾಲ್ಕು ವರ್ಷ ಸುಮ್ನೆ ಕಾದೆ. ‘ಇನ್ನೂ ಒಳ್ಳೆಯದು ಬರುತ್ತೆ’ ಅಂತ ನನಗೂ ಯಾರೋ ಹೇಳಿದ್ದರು.

ಮೊದಲು ಆ ಬರುವುದರ ಲೆಕ್ಕ ನೋಡು. ಲಿಲಿ ಎಲ್ಬೆ ಅಂತ ಡೆನ್ಮಾರ್ಕಿನ ಒಬ್ಬಳು ನಮ್ಮಂಥವಳೇ. 1931ರಲ್ಲಿ ಜರ್ಮನಿಯಲ್ಲಿ ಗರ್ಭಕೋಶ ಕಸಿ ಮಾಡಿಸಿಕೊಳ್ಳಲು ಹೋಗಿ ತೀರಿಕೊಂಡಳು. ಕಸಿ ಮಾಡಿದ ಗರ್ಭಕೋಶದಿಂದ ಮೊದಲ ಮಗು ಹುಟ್ಟಿದ್ದು 2014ರಲ್ಲಿ, ಸ್ವೀಡನ್‌ನಲ್ಲಿ. ನಮ್ಮ ಪುಣೆಯಲ್ಲೂ 2017ರಲ್ಲಿ ಕಸಿ ಮಾಡಿದರು, ಮರುವರ್ಷ ಮಗು ಆಯಿತು. ಆದರೆ ಹೀಗೆ ಮಗು ಪಡೆದ ಇವರೆಲ್ಲ ಹುಟ್ಟಿನಿಂದ ಹೆಣ್ಣಾದವರು. ನಮ್ಮ ಮೈಯಲ್ಲಿ ಸೊಂಟದ ಎಲುಬೂ ಬೇರೆ, ರಕ್ತನಾಳದ ಜೋಡಣೆಯೂ ಬೇರೆ. ಮೇಲೆ ಕಸಿ ಇರುವಷ್ಟು ದಿನ ದೇಹ ಅದನ್ನು ತಿರಸ್ಕರಿಸದ ಹಾಗೆ ಮಾತ್ರೆ ನುಂಗುತ್ತಲೇ ಇರಬೇಕು.

ಲ್ಯಾಬ್‌ನಲ್ಲಿ ಬೆಳೆಸಿದ ಯೋನಿಯ ಸುದ್ದಿ ಸುಳ್ಳಲ್ಲ. ಹುಟ್ಟಿನಿಂದ ಯೋನಿ ಇಲ್ಲದ ನಾಲ್ಕು ಹುಡುಗಿಯರಿಗೆ, ಅವರದೇ ಜೀವಕೋಶದಿಂದ ಬೆಳೆಸಿ, ಮೆಕ್ಸಿಕೋದಲ್ಲಿ 2005ರಿಂದ 2008ರ ನಡುವೆ ಹಾಕಿದರು. ಫಲಿತಾಂಶ ಅಚ್ಚಾದದ್ದು 2014ರಲ್ಲಿ. ಅವತ್ತು ಪೇಪರಿನಲ್ಲಿ ಓದಿ ನಾನೂ ಕುಣಿದಿದ್ದೆ. ಇವತ್ತಿಗೂ ಯಾವ ಆಸ್ಪತ್ರೆಯ ಕೌಂಟರ್‌ನಲ್ಲೂ ಅದು ಸಿಗುವುದಿಲ್ಲ. ನೀನು ಕಾಯುತ್ತಿರುವುದು ಇದಕ್ಕೇ ಆದರೆ ಕಾಯಬೇಡ ಅಂತ ನನ್ನ ಮಾತು.

ಟಿಎಸ್-3ಆರ್‌ಗಿಂತ ಒಳ್ಳೆಯ ತೊಗರಿ ತಳಿ ಬರುತ್ತೆ ಅಂತ ಹದವಾದ ಹೊಲ ಬೀಳು ಬಿಡ್ತೀವಾ ಅಂತ ಕೇಳಬಹುದಿತ್ತು. ಆದರೆ ಆ ಹೋಲಿಕೆ ಇಲ್ಲಿ ಪೂರ್ತಿ ಕೂರಲ್ಲ. ಹೊಲಕ್ಕೆ ಬರುವ ವರ್ಷ ಬೇರೆ ಬೀಜ ಹಾಕಬಹುದು, ಮೈಗೆ ಹಾಗಲ್ಲ. ಹಾಗಾಗಿ ಏನು ಮುಚ್ಚಿಹೋಗುತ್ತೆ, ಏನು ಉಳಿಯುತ್ತೆ ಅಂತ ನೋಡಬೇಕು. ಮೈಯ ಬೀಜ, ಅಂದರೆ ವೃಷಣ, ತೆಗೆದರೆ ಸ್ವಂತ ಮಗುವಿನ ದಾರಿ ಮುಗಿಯಿತು. ಆ ಆಸೆ ಇದ್ದರೆ ಮೊದಲೇ ವೀರ್ಯ ಫ್ರೀಜ್ ಮಾಡಿಸು. ಅದಕ್ಕೆ ಹಾರ್ಮೋನ್ ಕೆಲವು ತಿಂಗಳು ನಿಲ್ಲಿಸಬೇಕಾಗಬಹುದು, ಡಾಕ್ಟರನ್ನು ಕೇಳು. ಬೀಜ ತೆಗೆದ ಮೇಲೆ ಹಾರ್ಮೋನ್ ಬಿಡುವ ಹಾಗಿಲ್ಲ, ಎಲುಬು ಸವೆಯುತ್ತೆ. ಒಳಗೆ ಮಡಚಿದ ಚರ್ಮ ಮತ್ತೆ ಸಿಗುವುದಿಲ್ಲ ನಿಜ. ಆದರೆ ಆಳ ಕಡಿಮೆಯಾದರೆ ದೊಡ್ಡ ಕರುಳಿನ ತುಂಡಿನಿಂದಲೋ, ಹೊಟ್ಟೆಯ ಒಳಪೊರೆಯಿಂದಲೋ ಎರಡನೇ ಸಲ ಮಾಡುವ ದಾರಿ ಇದೆ. ಬೀಜ ಮಾತ್ರ ತೆಗೆಸಿ ಉಳಿದದ್ದು ಆಮೇಲೆ ಅನ್ನುವವರೂ ಇದ್ದಾರೆ. ಅದು ಚಿಕ್ಕ ಆಪರೇಷನ್. ಹಾಗೆ ಮಾಡುವುದಾದರೆ ಚರ್ಮ ಉಳಿಸಿ ಅಂತ ಸರ್ಜನ್‌ಗೆ ಮೊದಲೇ ಹೇಳು.

ಕಾಯಬೇಕಾದ ಕಾರಣ ಬೇರೆ ಇವೆ. ನನ್ನ ತಪ್ಪು ಕೇಳು. ಒಳಗೆ ಹೋಗುವ ಚರ್ಮದ ಕೂದಲನ್ನು ಬುಡಸಮೇತ ತೆಗೆಸಬೇಕು ಅಂತ ನನಗೆ ಯಾರೂ ಹೇಳಲಿಲ್ಲ. ಆಸ್ಪತ್ರೆ ಹೆಸರು ಬೇಡ. ಈಗ ಒಳಗೆ ಕೂದಲು ಬೆಳೆಯುತ್ತೆ, ಆಗಾಗ ಸೋಂಕು. ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್, ಯಾವುದಾದರೂ ಎಂಟು ಹತ್ತು ತಿಂಗಳ ಕೆಲಸ, ಕೆಲವರಿಗೆ ಇನ್ನೂ ಜಾಸ್ತಿ. ಗುಟ್ಕಾ, ತಂಬಾಕು ಇದ್ದರೆ ಇವತ್ತೇ ಬಿಡು. ಗಾಯಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಹೊಲಿಗೆ ಕೊಳೆಯುತ್ತೆ.

ಇನ್ನೊಂದು ತಪ್ಪು, ಮಾರ್ಚ್‌ನಲ್ಲಿ ಮಾಡಿಸಿದ್ದು. ಏಪ್ರಿಲ್, ಮೇ ಕಲಬುರಗಿ ಬಿಸಿಲು ನಿನಗೆ ಗೊತ್ತಲ್ಲ. ತಗಡಿನ ಮನೆ, ಮಧ್ಯಾಹ್ನ ಕರೆಂಟ್ ಇಲ್ಲ. ಮೊದಲ ಮೂರು ತಿಂಗಳು ದಿನಕ್ಕೆ ಮೂರು ಸಲ, ಸಲಕ್ಕೆ ಅರ್ಧ ಗಂಟೆ ಡೈಲೇಟರ್ (ಒಳದಾರಿಯಲ್ಲಿ ಇಡುವ ನುಣುಪಾದ ಕೋಲು) ಹಾಕಿಕೊಂಡು ಮಲಗಬೇಕಿತ್ತು, ಇಲ್ಲದಿದ್ದರೆ ದಾರಿ ಮುಚ್ಚುತ್ತೆ. ಬೆವರಿಗೆ ಗಾಜ್ ಬಟ್ಟೆ ಒಂದೇ ತಾಸಿನಲ್ಲಿ ಒದ್ದೆ. ಕೂರಲು ತೂತಿನ ದಿಂಬು ತಗೊಳ್ಳಿ ಅಂದಿದ್ದರು, ನಾನು ತಂದಿರಲಿಲ್ಲ. ನಮ್ಮವ್ವ ಹಳೆ ಇಳಕಲ್ ಸೀರೆ ಹೊಸೆದು, ಕೊಡ ಹೊರುವಾಗ ತಲೆ ಮೇಲೆ ಇಡುವ ಸಿಂಬಿಯ ಹಾಗೆ, ಆದರೆ ತಟ್ಟೆಯಷ್ಟು ದೊಡ್ಡದು, ಸುತ್ತಿ ಕೊಟ್ಟಳು. ಅದುವರೆಗೆ ನನ್ನ ಜೊತೆ ಸರಿಯಾಗಿ ಮಾತಾಡದ ಅವ್ವ. ಎರಡು ತಿಂಗಳು ಅದರ ಮೇಲೆಯೇ ಕೂತೆ.

ಆ ಡೈಲೇಟರ್ ಕೆಲಸ ಅಲ್ಲಿಗೆ ಮುಗಿಯಲ್ಲ. ಕಡಿಮೆ ಆಗುತ್ತಾ ಹೋಗುತ್ತೆ, ಆದರೆ ಜೀವನ ಪೂರ್ತಿ ಇರುತ್ತೆ. ಅದು ಬೇಡ ಅನ್ನುವವರಿಗೆ ಒಳದಾರಿ ಇಲ್ಲದೆ ಹೊರಗಿನ ರೂಪ ಮಾತ್ರ ಮಾಡುವ ವಿಧಾನವೂ ಇದೆ. ನಾಚಿಕೆ ಬಿಟ್ಟು ಕೇಳು.

ಆದ್ದರಿಂದ ರಾಶಿ ಮುಗಿದ ಮೇಲೆ, ಬರುವ ಜನವರಿ ಕೊನೆಗೆ ಇಟ್ಟುಕೋ. ಅಷ್ಟರೊಳಗೆ ಲೇಸರ್ ಮುಗಿಸು. ದೀಪಾವಳಿ ಹೊತ್ತಿಗೆ ಮಾಡಿಸಿದರೆ ಕಾಯಿಕೊರಕಕ್ಕೆ ಔಷಧಿ ಹೊಡೆಯುವವರು ಯಾರು? ಒಂದೆರಡು ತಿಂಗಳು ಪಂಪ್ ಬೆನ್ನಿಗೆ ಏರಿಸುವ ಹಾಗಿಲ್ಲ.

ದುಡ್ಡೆಲ್ಲ ಕೈಯಿಂದಲೇ ಹಾಕಬೇಡ. ಆಯುಷ್ಮಾನ್ ಭಾರತದಲ್ಲಿ ನಮ್ಮವರಿಗೆ ಅಂತ ಟಿಜಿ ಪ್ಲಸ್ ಅನ್ನುವ ಯೋಜನೆ ಸೇರಿಸಲು 2022ರಲ್ಲಿ ಒಪ್ಪಂದ ಆಯಿತು. ವರ್ಷಕ್ಕೆ 5 ಲಕ್ಷದವರೆಗೆ, ಈ ಆಪರೇಷನ್ ಸೇರಿ. ಟ್ರಾನ್ಸ್‌ಜೆಂಡರ್ ಅಂತ ಸರ್ಕಾರ ಕೊಡುವ ಗುರುತಿನ ಪತ್ರ ಬೇಕು. ಯಾವ ಆಸ್ಪತ್ರೆ ಆ ಕಾರ್ಡಿನಲ್ಲಿ ಮಾಡುತ್ತೆ ಅಂತ ಫೋನ್ ಮಾಡಿ ಕೇಳಿಯೇ ರೈಲು ಹತ್ತು. ಮತ್ತೆ ಸರ್ಜನ್‌ಗೆ ಕೇಳು: ಇಲ್ಲಿಯವರೆಗೆ ಎಷ್ಟು ಮಾಡಿದ್ದೀರಿ, ಎಷ್ಟು ಜನ ರಿಪೇರಿಗೆ ವಾಪಸ್ ಬಂದರು? ಸಿಟ್ಟಾದರೆ ಎದ್ದು ಬಾ.

‘ಆಪರೇಷನ್ ಆಗದಿದ್ದರೆ ನೀನು ಹೆಣ್ಣೇ ಅಲ್ಲ’ ಅಂತ ಯಾರೋ ಹೇಳಿದರು ಅಂತ ಬರೆದಿದ್ದೀಯಲ್ಲ, ಅದಕ್ಕಾಗಿ ಮಾತ್ರ ಮಾಡಿಸಬೇಡ. ಆಪರೇಷನ್ ಮಾಡಿಸಲೇಬೇಕು ಅಂತ ಒತ್ತಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟೇ 2014ರಲ್ಲಿ ಹೇಳಿದೆ.

ಉಳಿದದ್ದು ಇನ್‌ಬಾಕ್ಸ್‌ನಲ್ಲಿ ಕೇಳು. ಸಿಂಬಿ ಇನ್ನೂ ಅಟ್ಟದ ಮೇಲಿದೆ, ಒಗೆದು ಇಟ್ಟಿರುತ್ತೇನೆ. ಮಾರ್ಕೆಟ್‌ಗೆ ತೊಗರಿ ತರುವಾಗ ಬಂದು ತಗೊಂಡು ಹೋಗು.